ನಿದಿಂತಿಯ ಹೆಜ್ಜೆ

ನಮ್ಮ ಊರಲ್ಲಿ ಮಾರಾಟವಾದವರು ಯಾವ ದಿಕ್ಕಿಗೆ ನಡೆದರೂ ಅವರ ಹೆಜ್ಜೆ ಒಡೆಯನ ಮನೆಯ ಕಡೆಗೇ ಮೂಡುತ್ತದೆ. ಕಾಲು ಮುಂದೆ ಹೋಗಿರುತ್ತದೆ, ಮಣ್ಣಿನಲ್ಲಿ ಬೆರಳುಗಳು ಮಾತ್ರ ಹಿಂದಕ್ಕೋ ಪಕ್ಕಕ್ಕೋ ತಿರುಗಿಕೊಂಡಿರುತ್ತವೆ. ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ನಿಂತರೆ ನೀರಿಗೆ ಬಂದು ಹೋದವರಲ್ಲಿ ಯಾರು ಯಾವ ಮನೆಯ ಆಳು ಎಂದು ಯಾರನ್ನೂ ಕೇಳದೆ ಹೇಳಬಹುದು. ಒಡೆಯ ಮನೆ ಬದಲಿಸಿದರೆ ಅವನ ಆಳುಗಳ ಹೆಜ್ಜೆಯೂ ಆ ದಿನವೇ ಹೊಸ ಮನೆಯತ್ತ ಹೊರಳುತ್ತದೆ. ಪ್ರಾಯದ ಹೆಣ್ಣಾಳುಗಳು ಖರ್ಜೂರದ ಗರಿಯ ಮೋಟು ಪೊರಕೆಯನ್ನು ಸೊಂಟದ ಹಿಂದೆ ಕಟ್ಟಿ ನೆಲಕ್ಕೆ ಎಳೆಯಬಿಟ್ಟು ನಡೆಯುತ್ತಾರೆ, ಹುಡುಗರು ಹೆಜ್ಜೆ ನೋಡಿ ಒಡೆಯನ ಹೆಸರು ಹಿಡಿದು ಕೂಗಬಾರದೆಂದು. ಮುದುಕಿಯರು ಅದನ್ನೂ ಬಿಟ್ಟಿರುತ್ತಾರೆ. ಅವರ ಹೆಜ್ಜೆ ನೋಡಲು ಯಾರಿಗೂ ಪುರುಸೊತ್ತಿಲ್ಲ.

ನನ್ನ ಕೆಲಸ ಸಾಹುಕಾರ ಲಬಾಶಿಯ ಅಂಗಳದಲ್ಲಿ ಮಣ್ಣಿನ ಹಾಸು ಮಾಡುವುದು. ಲಬಾಶಿ ಜನರನ್ನು ಕೊಂಡು ಮಾರುವ ವರ್ತಕ. ನದಿಯ ದೋಣಿಗಟ್ಟೆಯ ಪಕ್ಕದಲ್ಲೇ ಅವನ ಅಂಗಳ, ಅಂಗಳದ ಪಡುವಣಕ್ಕೆ ಅವನ ಮನೆ. ಮಾರಾಟದ ದಿನ ಅಂಗಳದ ನಡುವೆ ಕಾಲುವೆಯ ಮೆತ್ತನೆ ಜೇಡಿಯನ್ನು ಉದ್ದಕ್ಕೆ ಹಾಸಬೇಕು. ಮಾರಾಟಕ್ಕೆ ಬಂದವರನ್ನು ಅದರ ಮೇಲೆ ನಡೆಸುತ್ತಾರೆ. ಬೆರಳುಗಳು ಮಾರುವವನ ಮನೆಯ ಕಡೆ ತಿರುಗಿದರೆ ಸರಕು ಸಾಚಾ. ಬೆಳ್ಳಿ ತೂಗಿದ ಮೇಲೆ ಇನ್ನೊಮ್ಮೆ ನಡೆಸುತ್ತಾರೆ. ಆಗ ಕೊಂಡವನ ಮನೆಯ ಕಡೆ ತಿರುಗಬೇಕು. ಕೊನೆಯ ಹೆಜ್ಜೆಯನ್ನು ಚೌಕವಾಗಿ ಕತ್ತರಿಸಿ ತೆಗೆದು, ಬರೆಯುವವನು ಅದರ ಅಂಚಿನಲ್ಲಿ ಎರಡು ಸಾಲು ಬರೆದ ಮೇಲೆ ಗೂಡಿನಲ್ಲಿ ಸುಟ್ಟು, ಕೊಂಡವನ ಕೈಗೆ ಕೊಡುತ್ತಾರೆ. ಅದೇ ಪತ್ರ, ಅದೇ ಸಾಕ್ಷಿ.

ಆ ಎರಡು ಸಾಲು ನನಗೂ ಬರೆಯಲು ಬರುತ್ತದೆ. ಅಪ್ಪ ನನ್ನನ್ನು ಬರಹದ ಮನೆಗೆ ಸೇರಿಸಿದ್ದ. ಅಲ್ಲಿ ಅಕ್ಷರ ಕೂಡಿಸಲು ಬಂದ ಕೂಡಲೇ ಮಕ್ಕಳ ಕೈಯಲ್ಲಿ ಮೊದಲು ಬರೆಸುವುದು ಮಾರಾಟದ ಪತ್ರವನ್ನು. ಮೂರ್ಛೆರೋಗವಿಲ್ಲ, ಓಡಿಹೋಗುವ ಚಟವಿಲ್ಲ, ಬೇರೆ ಹಕ್ಕುದಾರರಿಲ್ಲ. ಒಂದು ದಿನ ಗುರು ಎಲ್ಲರಿಗೂ ಕೇಳುವಂತೆ ಹೇಳಿದ: "ಬರೀರಿ, ನಿದಿಂತಿ ಎಂಬ ಹೆಸರಿನ ಹುಡುಗಿ." ಆ ಹೆಸರಿನವರು ಊರಲ್ಲಿ ಬೇಕಾದಷ್ಟು ಜನರಿದ್ದಾರೆ. ನಮ್ಮಕ್ಕನ ಹೆಸರೂ ಅದೇ ಎಂಬುದು ಗುರುವಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಹಸಿ ಮಣ್ಣಿನ ಹಲಗೆಯನ್ನು ಅವನ ಮುಖಕ್ಕೆ ಎಸೆದು ಎದ್ದು ಬಂದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಅಪ್ಪ ಹೊಡೆಯಲಿಲ್ಲ. ಒಲೆಯ ಮುಂದೆ ಕೂತು ಬಹಳ ಹೊತ್ತು ಬೂದಿ ಕೆದಕಿದ.

ಹೊರಗೆ ದಂಡು ಬಂದು ಕೂತು ಊರ ಬಾಗಿಲು ಮುಚ್ಚಿದ್ದ ವರ್ಷ ಅಕ್ಕನನ್ನು ಮಾರಿದರು. ಕಣಜವಿದ್ದ ಮನೆಗೆ ಕೊಟ್ಟರೆ ಮಗುವಾದರೂ ಉಳಿದೀತು ಎಂದು ಆಗ ಊರಿಗೆ ಊರೇ ಮಾಡಿದ್ದು ಅದನ್ನೇ. ಲಬಾಶಿಯ ತಾಯಿ ಅಕ್ಕನನ್ನು ಕೊಂಡಳು, ಅವ್ವನಿಗೆ ಜವೆಗೋಧಿ ಅಳೆದು ಕೊಟ್ಟಳು. ನಾನು ಆಗ ಮೊಲೆ ಕುಡಿಯುವ ಕೂಸು. ನಾನು ಕುಡಿದ ಹಾಲು ಆ ಜವೆಯದು. ಯಾರಾದರೂ ನನ್ನನ್ನು ನೋಡಿ, ಇವನಿಗೆ ಯಾಕಿಷ್ಟು ಸಿಟ್ಟು ಎಂದರೆ ಇದನ್ನೇ ಹೇಳುತ್ತೇನೆ. ಮುಂದೆ ಅಪ್ಪ ಅವ್ವ ಇಬ್ಬರೂ ಜ್ವರ ಬಂದು ಹೋದರು. ನನಗೆ ಉಳಿದವಳು ಅಕ್ಕ ಒಬ್ಬಳೇ. ಅವಳನ್ನು ದಿನಾ ನೋಡಬಹುದು ಎಂಬ ಒಂದೇ ಆಸೆಗೆ ಆ ಅಂಗಳದ ಮಣ್ಣಿಗೆ ಕೈ ಹಾಕಿದೆ.

ಅಕ್ಕನಿಗೆ ಒಂದು ಹೆಣ್ಣು ಮಗುವಿತ್ತು, ಹಿಪ್ತಾ. ಅಪ್ಪ ಯಾರೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಮನೆಯ ಗಂಡಸರೆಲ್ಲ ಮಗುವನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು, ಅಷ್ಟು ಗೊತ್ತು. ಆಳಿನ ಮಗು ಮನೆಯ ಸೊತ್ತು. ಹಿಪ್ತಾ ನಡೆಯಲು ಕಲಿತ ದಿನ ಅವಳ ಪುಟ್ಟ ಹೆಜ್ಜೆಗಳು ಅಡುಗೆಮನೆಯ ಹಿಟ್ಟಿನ ಮೇಲೆ ಮೂಡಿದ್ದವಂತೆ, ಅಂಗಳದ ಕಡೆ ಓಡಿದ್ದರೂ ಎಲ್ಲ ಒಳಗೇ ತಿರುಗಿ. ಅಕ್ಕ ಅದನ್ನು ನಗುತ್ತಲೇ ಹೇಳಿದಳು. ನಾನು ನಗಲಿಲ್ಲ.

ಈ ವರ್ಷ ಜವೆ ತೆನೆಗೆ ಬರುವ ಹೊತ್ತಿಗೆ ಲಬಾಶಿಯ ತಾಯಿ ಹಾಸಿಗೆ ಹಿಡಿದಳು. ಅವಳ ಕಾಲು ಒತ್ತಿ, ಮೈ ಒರೆಸಿ, ಗಂಜಿ ಕುಡಿಸಿದವಳು ಅಕ್ಕ. ಮುದುಕಿ ಸಾಯುವ ಮುಂಚೆ ನೆರೆಯವರನ್ನೆಲ್ಲ ಕರೆಸಿದಳು. "ಇಕೀನ್ನ ಬಿಟ್ಟುಬಿಡ್ರಿ. ಇಕಿ ಹಣಿ ತೊಳೀರಿ," ಎಂದಳು. ಹಣೆ ತೊಳೆದು ಮುಖವನ್ನು ಸೂರ್ಯ ಹುಟ್ಟುವ ದಿಕ್ಕಿಗೆ ತಿರುಗಿಸಿದರೆ ನಮ್ಮಲ್ಲಿ ಬಿಡುಗಡೆ. ಮಗುವಿನ ಬಗ್ಗೆ ಅವಳು ಏನೂ ಹೇಳಲಿಲ್ಲ. ಮರೆತಳೋ, ಉಸಿರು ಸಾಲದಾಯಿತೋ. ಸತ್ತವರ ಮಾತು ಮೀರಿದರೆ ಅವರು ಮನೆ ಬಿಟ್ಟು ಹೋಗುವುದಿಲ್ಲ ಎಂಬ ಹೆದರಿಕೆ ಲಬಾಶಿಗೂ ಇತ್ತು. ಆದರೆ ಬಾಯಿಮಾತು ಸಾಲದು. ಹಾಸಿನ ಮೇಲೆ ಪಡುವಣದಿಂದ ಮೂಡಣಕ್ಕೆ ನಡೆಯಬೇಕು, ಹೆಜ್ಜೆಗಳು ನೆಟ್ಟಗೆ ಮೂಡಬೇಕು. ಬಾಗಿದರೆ ಸತ್ತವಳ ಮಾತಿಗೆ ಕಾಲು ಒಪ್ಪಲಿಲ್ಲ ಎಂದು ತಿರುಗಿ ಒಳಗೆ ಕಳಿಸುತ್ತಾರೆ, ಮತ್ತೆ ಕೇಳುವ ಹಾಗಿಲ್ಲ.

ಮುದುಕಿಯನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅಕ್ಕ ಕಾಲುವೆಗೆ ಓಡುತ್ತಾ ಬಂದಳು. ನಾನು ಜೇಡಿ ಅಗೆಯುತ್ತಿದ್ದೆ. ನನ್ನ ಜೊತೆ ಮಣ್ಣು ತುಳಿಯುವ ಅಹತಿ ಆಯಿ ದಂಡೆಯ ಒಗೆಯುವ ಕಲ್ಲಿನ ಹತ್ತಿರ ಹಿಪ್ತಾಳ ಕಾಲು ತೊಳೆಯುತ್ತಿದ್ದಳು. ಅಹತಿ ಆಯಿ ಲಬಾಶಿಯ ಮನೆಯಲ್ಲೇ ಮುದುಕಿಯಾದ ಆಳು. ಅಕ್ಕ ಸೊಂಟದ ಪೊರಕೆ ಬಿಚ್ಚಿ ನೀರಿಗೆ ಎಸೆದಳು.

"ತಮ್ಮಾ, ನೋಡ್ತಿರು," ಎಂದು ಹಸಿ ಉಸುಕಿನ ಮೇಲೆ ಹತ್ತಾರು ಹೆಜ್ಜೆ ನಡೆದು, ನಿಂತು, ತಿರುಗಿ ನೋಡಿದಳು. ಹೆಜ್ಜೆಗಳು ಬಾಗಿದ್ದವು. ಅಕ್ಕ ಅಲ್ಲೇ ಕುಸಿದು ಕೂತಳು.

"ದೊಡ್ಡವ್ವ ಬಿಟ್ಟೀನಿ ಅಂದ್ಲು. ಎಲ್ಲಾರೂ ಕೇಳ್ಯಾರ. ಮತ್ತ ಯಾಕ ಹಿಂಗ?"

ನಾನು ಗುದ್ದಲಿ ಬಿಟ್ಟು ಬಂದು ನೋಡಿದೆ. ವರ್ಷಗಟ್ಟಲೆ ಹೆಜ್ಜೆ ನೋಡಿದ ಕಣ್ಣು ನನ್ನದು. ಲಬಾಶಿಯ ಮನೆ ನಮ್ಮ ಬೆನ್ನಿಗಿತ್ತು. ಈ ಬೆರಳುಗಳು ಆ ಕಡೆ ತಿರುಗಿರಲಿಲ್ಲ. ಒಗೆಯುವ ಕಲ್ಲಿನ ಕಡೆ ತಿರುಗಿದ್ದವು. "ಆಯಿ, ಕೂಸಿನ್ನ ಎತ್ಕೊಂಡು ಆ ಜೊಂಡಿನ ಕಡೀಗೆ ಹೋಗು," ಎಂದೆ. ಅವಳು ಗೊಣಗುತ್ತಾ ಹೋದಳು. "ಅಕ್ಕಾ, ಇನ್ನೊಮ್ಮೆ ನಡಿ." ಅಕ್ಕ ನಡೆದಳು. ಹೆಜ್ಜೆಗಳು ಜೊಂಡಿನ ಕಡೆ ಹೊರಳಿದವು.

ಅಕ್ಕ ಮೊದಲು ನಕ್ಕಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಹತಿ ಆಯಿ ಮಗುವನ್ನು ಕಂಕುಳಲ್ಲಿ ಮೇಲಕ್ಕೆ ಸರಿಸಿಕೊಂಡು ಬಂದು ಉಸುಕನ್ನು ಬಗ್ಗಿ ನೋಡಿದಳು.

"ಸಾಯ್ಲಿ. ಹಿಂಗೈತೇನು ಇದು?" ಎಂದಳು. "ಹಂಗಾರ ನಂಗ ಬಿಡುಗಡಿ ಗಿಡುಗಡಿ ಬ್ಯಾಡಪಾ. ನಾಕು ಮಕ್ಕಳು, ನಾಕು ಊರಿಗೆ ಹೋಗ್ಯಾವ. ಈ ಕಾಲು ಯಾವ ಕಡೆ ಅಂತ ತಿರಗಬೇಕು? ಈಗಾದ್ರ ಸಾವ್ಕಾರನ ಮನೀ ಕಡೆ ತಿರಗ್ತಾವು, ಸುಮ್ಮನ ಅದಾವು."

ಅಕ್ಕ ಕಣ್ಣು ಒರೆಸಿಕೊಂಡು ಹೇಳಿದಳು: "ನೋಡು ರಿಮೂತ, ನಾ ಆಳಾಗಿದ್ರ ನನ್ನ ಗಳಿಕೀನೂ ಅವರದ. ಬಿಡುಗಡಿ ಆತಂದ್ರ ನಾ ನೇಯ್ದಿದ್ದು ನಂದು. ನೇಯ್ದು ನೇಯ್ದು ಇಕೀನ್ನ ಬಿಡಿಸ್ಕೊಂತೀನಿ. ಒಂದ ದಾರಿ ಇರೋದು. ಹಾಸಿನ ಮ್ಯಾಲೆ ನನ್ನ ಹೆಜ್ಜೆ ನೆಟ್ಟಗ ಮೂಡಬೇಕು. ಹೆಂಗರ ಮಾಡು." ಚಿಕ್ಕಂದಿನಿಂದ ಅವಳು ನನ್ನನ್ನು ಏನೂ ಕೇಳಿದವಳಲ್ಲ.

ಹೆಂಗರ ಮಾಡು ಎಂದರೆ ದಾರಿ ಒಂದೇ ಇತ್ತು. ಮಗುವನ್ನು ಎತ್ತಿಕೊಂಡು ನಡೆಯುವ ಹಾಗಿಲ್ಲ, ಹಾಸಿನ ಮೇಲೆ ಕೈ ಬರಿದಾಗಿರಬೇಕು. ಆದರೆ ಮಗು ಹಾಸಿನ ಮೂಡಣ ತುದಿಯಲ್ಲಿ ನಿಂತಿದ್ದರೆ ಅಕ್ಕ ನಡೆಯುವ ದಿಕ್ಕೂ ಮಗುವಿನ ದಿಕ್ಕೂ ಒಂದೇ. ಬೆರಳುಗಳು ಮಗುವನ್ನು ನೋಡುತ್ತಿದ್ದರೂ ಜನರ ಕಣ್ಣಿಗೆ ಅವು ನೆಟ್ಟಗಿನ ಹೆಜ್ಜೆಗಳು. ಅಹತಿ ಆಯಿ ಹಿಪ್ತಾಳನ್ನು ಕಂಕುಳಲ್ಲಿ ಇಟ್ಟುಕೊಂಡು ಆ ತುದಿಯ ಗುಂಪಿನಲ್ಲಿ ನಿಲ್ಲುವುದು ಎಂದು ಗೊತ್ತಾಯಿತು. "ಸಿಕ್ಕಿಬಿದ್ರ ನನ್ನ ಬೆನ್ನಿನ ತೊಗಲು ಸುಲೀತಾನು," ಎಂದಳು ಆಯಿ. ಮಗುವಿನ ಮೂಗು ಒರೆಸಿ, "ಇದ್ದದ್ದಾದ್ರೂ ಎಷ್ಟು, ಸುಲೀಲಿ ಬಿಡು," ಎಂದಳು.

ಆ ದಿನದ ಹಾಸಿಗಾಗಿ ನಾನು ಜೇಡಿಯನ್ನು ಎರಡು ಸಲ ಸೋಸಿದೆ. ಒಂದು ಹರಳು ಉಳಿಯಲು ಬಿಡಲಿಲ್ಲ. ಹಲಗೆ ಎಳೆದು ಎಳೆದು ನೀರಿನಂತೆ ಸಮ ಮಾಡಿದೆ. ಈ ಕೈ ಅಲ್ಲಿಯವರೆಗೆ ಜನರನ್ನು ಮಾರಲು ಮಾತ್ರ ಮಣ್ಣು ಹಾಸಿತ್ತು.

ಹೆಜ್ಜೆ ನೋಡಿ ತೀರ್ಪು ಹೇಳುವವನು ಬಗದಾತ ಎಂಬವನು, ಮೂಡಣದ ಗುಡ್ಡಗಾಡಿನಿಂದ ಬಂದ ಅರಸರ ಕಡೆಯ ಅಧಿಕಾರಿ. ಬೇಸಿಗೆಯಲ್ಲೂ ಕಂಬಳಿಯ ಟೋಪಿ ತೆಗೆಯುವುದಿಲ್ಲ. ನಮ್ಮ ಮಾತನ್ನು ಕಲಿತವನು, ಹಾಗಾಗಿ ಒಂದೊಂದು ಶಬ್ದವನ್ನೂ ತೂಗಿ ಇಡುತ್ತಾನೆ. ಅವನು ಹಾಸಿನ ತೆಂಕಣ ಪಕ್ಕದಲ್ಲಿ ಪೀಠದ ಮೇಲೆ ಕೂತ. ಲಬಾಶಿ ಎದುರು ಪಕ್ಕದಲ್ಲಿ, ನದಿಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತ. ತಾಯಿ ಸತ್ತ ಸೂತಕಕ್ಕೆ ತಲೆ ಬೋಳಿಸಿದ್ದ. ದೋಣಿಯವರು, ಎಣ್ಣೆ ಮಾರುವವರು, ಕೆಲಸವಿಲ್ಲದವರು ಎಲ್ಲ ಸೇರಿದ್ದರು.

"ನಡೆಯಲಿ," ಎಂದ ಬಗದಾತ.

ಅಕ್ಕ ಕಾಲು ತೊಳೆದುಕೊಂಡು ಹಾಸಿನ ಮೇಲೆ ಇಳಿದಳು. ಒಂದು ಹೆಜ್ಜೆ. ಕಾಲು ಎತ್ತಿದಾಗ ಜೇಡಿಯಲ್ಲಿ ಐದು ಬೆರಳೂ ಮೂಡಣಕ್ಕೆ ನೆಟ್ಟಗೆ ನಿಂತವು. ಜನ ಹೋ ಎಂದರು. ಇನ್ನೊಂದು, ಮತ್ತೊಂದು. ಅರ್ಧ ಹಾಸು ಮುಗಿಯಿತು. ಆಗ ಲಬಾಶಿಯ ಕಡೆ ನೋಡಿದೆ. ಅವನು ಹೆಜ್ಜೆಗಳನ್ನು ನೋಡುತ್ತಿರಲಿಲ್ಲ, ಅಕ್ಕನ ಮುಖ ನೋಡುತ್ತಿದ್ದ. ಬಿಡುಗಡೆಗೆ ನಡೆಯುವವರು ಸೂರ್ಯನ ಕಡೆ ಮುಖ ಎತ್ತಿರುತ್ತಾರೆ. ಅಕ್ಕನ ಕಣ್ಣು ಕೆಳಗೆ, ಗುಂಪಿನ ನಡುವೆ ಒಂದೇ ಕಡೆ ನೆಟ್ಟಿತ್ತು. ಲಬಾಶಿ ಆ ನೋಟದ ಗುಂಟ ಹೋಗಿ ಅಹತಿ ಆಯಿಯ ಕಂಕುಳನ್ನು ಕಂಡ. ಹುಟ್ಟಿದಾಗಿನಿಂದ ಜನರನ್ನು ಕೊಂಡು ಮಾರಿದವನಿಗೆ ಬಿಡಿಸಿ ಹೇಳಬೇಕೆ? ಮಡಿಲಿನಿಂದ ಒಂದು ಒಣಖರ್ಜೂರ ತೆಗೆದು ಎತ್ತಿ ಹಿಡಿದ.

"ಹಿಪ್ತಾ, ಬಾರವ್ವಾ. ನೋಡಿಲ್ಲಿ, ಏನೈತಿ ನೋಡು."

ಮಗು ಆಯಿಯ ಕಂಕುಳಿಂದ ಜಾರಿತು. ಆಯಿ ಅಂಗಿಯ ತುದಿ ಹಿಡಿದಳು, ಅದು ಕೈಯಲ್ಲಿ ನಿಲ್ಲಲಿಲ್ಲ. ಹಿಪ್ತಾ ಹಾಸಿನ ಅಂಚಿನಲ್ಲಿ ತಪತಪ ಓಡಿ ಲಬಾಶಿಯ ಕಡೆ ಹೋದಳು. ಅಕ್ಕ ನಿಲ್ಲುವ ಹಾಗಿರಲಿಲ್ಲ, ನಿಂತರೂ ಸೋಲೇ. ಅವಳು ಮೂಡಣಕ್ಕೇ ನಡೆದಳು. ಹೆಜ್ಜೆಗಳು ನಡೆಯಲಿಲ್ಲ. ಒಂದು ಸ್ವಲ್ಪ ಬಾಗಿತು, ಮುಂದಿನದು ಇನ್ನೂ ಬಾಗಿತು, ಅದರ ಮುಂದಿನದು ಪೂರ್ತಿ ಅಡ್ಡವಾಯಿತು. ಮಗು ಲಬಾಶಿಯ ತೊಡೆಯೇರಿ ಖರ್ಜೂರ ಬಾಯಿಗಿಟ್ಟುಕೊಳ್ಳುವ ಹೊತ್ತಿಗೆ ಅಕ್ಕನ ಕೊನೆಯ ಹೆಜ್ಜೆಗಳೆಲ್ಲ ನದಿಯತ್ತ ಹೊರಳಿ ಅವನ ಚಾಪೆಯನ್ನೇ ನೋಡುತ್ತಿದ್ದವು. ಅಷ್ಟು ಸಮ ಮಾಡಿದ್ದ ಮಣ್ಣು. ಒಂದೊಂದು ಬೆರಳೂ ಅಚ್ಚೊತ್ತಿದಂತೆ ಕಾಣುತ್ತಿತ್ತು.

"ಬಾಗಿವೆ. ಬಿಡುಗಡೆ ಆಗಲಿಲ್ಲ," ಎಂದ ಬಗದಾತ.

ಅಕ್ಕ ಹಾಸಿನ ತುದಿಯಲ್ಲಿ ಮುಖ ಮುಚ್ಚಿಕೊಂಡು ನಿಂತಳು. ನಾನು ಕೈಯಲ್ಲಿದ್ದ ಹಲಗೆಯನ್ನು ಹಿಡಿದು ಲಬಾಶಿಯ ಕಡೆ ನಡೆದೆ. ಹೊಡೆದೇ ಬಿಡುತ್ತಿದ್ದೆ. ಅಷ್ಟರಲ್ಲಿ ಅವನೇ ಎದ್ದು ಕೈ ಎತ್ತಿದ.

"ತಡೀರಿ ಅಧಿಕಾರಿಗಳ." ಮಗುವನ್ನು ಎತ್ತಿಕೊಂಡೇ ಬಂದು ಹಾಸಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಂದು ಜೊಂಡಿನ ಕಡ್ಡಿಯನ್ನು ಒಂದೊಂದು ಹೆಜ್ಜೆಯ ಹಿಮ್ಮಡಿಯಿಂದ ಬೆರಳಿನವರೆಗೆ ಇಟ್ಟು ನೋಡಿದ. "ನನ್ನ ಮನಿ ಎಲ್ಲೈತಿ? ಅಕಾ, ಪಡುವಣಕ್ಕ. ಈ ಬೆರಳು ಒಂದರ ನನ್ನ ಮನೀ ಕಡೆ ಐತೇನು ನೋಡ್ರಿ. ಮೊದಲಿನವು ಮೂಡಲಕ್ಕದಾವ, ಆಮ್ಯಾಲಿನವು ನದಿ ಕಡೀಗದಾವ. ನನ್ನ ಮನೀ ಕಡೆ ತಿರಗದಿದ್ರ ಇಕಿ ನನ್ನ ಆಳಲ್ಲ. ಕಾಯ್ದೆ ಕಾಯ್ದೆನ. ಬರೀರಿ, ಬಿಡುಗಡಿ ಆತು ಅಂತ."

ಬಗದಾತ ಟೋಪಿಯೊಳಗೆ ಕೈ ಹಾಕಿ ತಲೆ ತುರಿಸಿಕೊಂಡ. "ನೀನು ಹೇಳುವುದು ಸರಿ. ಆದರೆ ನಷ್ಟ ನಿನಗಲ್ಲವೇ?"

"ಇರ್ಲಿ ಬಿಡ್ರಿ. ನಮ್ಮವ್ವನ ಮಾತು."

ಜನ ಕೂಗಿದರು. ಯಾರೋ ಎಣ್ಣೆಯವನು ಲಬಾಶಿಯ ಕಾಲಿಗೆ ಬಿದ್ದ. ಅಕ್ಕನ ಹಣೆ ತೊಳೆದರು, ಮುಖ ಮೂಡಣಕ್ಕೆ ತಿರುಗಿಸಿದರು. ನಾನು ಹಲಗೆ ಬಿಸಾಕಿ ಮಣ್ಣಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡೆ. ಎಲ್ಲರೂ ಕುಣಿಯುತ್ತಿದ್ದಾಗ ಅಹತಿ ಆಯಿ ಮಾತ್ರ ನನ್ನ ತೋಳು ಚಿವುಟಿದಳು. "ಲೇ ಹುಚ್ಚಾ, ಸಾವ್ಕಾರ ಯಾಕ ನಗಾಕತ್ಯಾನ, ನೋಡು." ನಾನು ನೋಡಲಿಲ್ಲ. ಆ ದಿನ ನನಗೆ ಏನನ್ನೂ ನೋಡುವುದು ಬೇಕಿರಲಿಲ್ಲ.

ಅಕ್ಕ ನನ್ನ ಗುಡಿಸಲಿಗೆ ಬಂದಳು. ಅವ್ವನ ಹಳೆಯ ಮಗ್ಗಕ್ಕೆ ಹೊಸ ಹಗ್ಗ ಕಟ್ಟಿಕೊಟ್ಟೆ. ಉಣ್ಣೆ ತಂದುಕೊಟ್ಟೆ. ಮೊದಲ ದಿನ ನಾಲ್ಕು ಬೆರಳು ಅಗಲ ನೇಯ್ದಳು. ಎರಡನೆಯ ದಿನ ಬೆಳಿಗ್ಗೆ, ಮಗು ಅಳುತ್ತಿರಬಹುದು, ಒಮ್ಮೆ ನೋಡಿ ಬರುತ್ತೇನೆ ಎಂದು ಹೋದಳು. ಹಿತ್ತಿಲ ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಹಿಪ್ತಾ ಓಡಿ ಬಂದು ತೊಡೆಯ ಮೇಲೆ ಕೂತಳು. ಮರುದಿನ ಹೋದಾಗ ಆ ಬಾಗಿಲ ಪಕ್ಕದಲ್ಲಿ ಯಾರೋ ಬೀಸುವ ಕಲ್ಲು ತಂದಿಟ್ಟಿದ್ದರು. ಬೀಸು ಎಂದು ಯಾರೂ ಹೇಳಲಿಲ್ಲ. ಸುಮ್ಮನೆ ಕೂತಿರುವುದು ಹೇಗೆ ಎಂದು ಅಕ್ಕ ಬೀಸಿದಳು. ಅದರ ಮರುದಿನ ಎರಡು ಚೀಲ ಜವೆ ಇತ್ತು. ಕತ್ತಲಾದ ಮೇಲೆ ಬರುವವಳು, ಕೋಳಿ ಕೂಗುವ ಮೊದಲು ಹೋಗುವವಳು. ಮಧ್ಯಾಹ್ನ ಆಳುಗಳಿಗೆ ಗಂಜಿ ಬಡಿಸುವಾಗ ಅವಳಿಗೆ ಬಡಿಸುತ್ತಿರಲಿಲ್ಲ. ಅವಳು ಆಳಲ್ಲವಲ್ಲ. ನಾನು ಕಟ್ಟಿಕೊಟ್ಟ ರೊಟ್ಟಿಯಲ್ಲಿ ಅರ್ಧ ಮಗುವಿಗೆ, ಅರ್ಧ ತಾನು.

ಒಂದು ದಿನ ಬೀಸುವ ಕಲ್ಲಿನ ಮುಂದೆ ನಿಂತು ಕೂಗಾಡಿದೆ. "ಅಕ್ಕಾ, ನಿಂಗ ತಲಿ ಕೆಟ್ಟೈತೇನು? ಹಣಿ ತೊಳಿಸ್ಕೊಂಡಿ. ಇಲ್ಲಿ ಕುಂತು ಪುಕ್ಕಟ ಬೀಸಾಕತ್ತಿ. ಮಗ್ಗ ಧೂಳ ತಿನ್ನಾಕತ್ತೈತಿ. ನೇಯದ ಇದ್ರ ಇಕೀನ್ನ ಹೆಂಗ ಬಿಡಿಸ್ಕೊಂತಿ?"

"ನೇಯ್ಬೇಕಂತ ಕುಂದರ್ತೀನಿ ತಮ್ಮಾ. ಕೈ ಆಡಂಗಿಲ್ಲ. ಆ ಕೂಸು ಬಿದ್ದಿರಬೇಕು, ಉಣಸಿರಂಗಿಲ್ಲ, ಯಾರರ ಹೊಡದಿರಬೇಕು, ಇದ ನೋಡು." ಕಲ್ಲು ತಿರುಗಿಸುವುದನ್ನು ನಿಲ್ಲಿಸಲೇ ಇಲ್ಲ.

"ಯಾರಾದ್ರೂ ಬಾ ಅಂತಾರೇನು ನಿಂಗ?"

"ಯಾರೂ ಅನ್ನಂಗಿಲ್ಲ," ಎಂದಳು ಅಕ್ಕ. "ನಾನ ಬರ್ತೀನಿ."

ಆಮೇಲೆ ಲಬಾಶಿ ಮಕ್ಕಳಿದ್ದ ಇನ್ನೂ ಇಬ್ಬರು ಹೆಣ್ಣಾಳುಗಳ ಹಣೆ ತೊಳೆಸಿದ. ಊರಲ್ಲಿ ಅವನ ಹೆಸರು ಹೇಳಿ ಹಾಡು ಕಟ್ಟಿದರು. ಗುಡಿಯಲ್ಲಿ ಅವನಿಗೆ ಮುಂದಿನ ಸಾಲು ಸಿಕ್ಕಿತು. ಬೇರೆ ವರ್ತಕರು ಮೊದಲು, ತಾಯಿ ಸತ್ತ ಮೇಲೆ ಲಬಾಶಿಗೆ ಬುದ್ಧಿ ಕೆಟ್ಟಿದೆ ಎಂದು ನಕ್ಕರು. ಒಬ್ಬೊಬ್ಬರೇ ಬಂದು ಅವನ ಹಿತ್ತಿಲ ಬಾಗಿಲು ನೋಡಿಕೊಂಡು ಹೋದರು. ಅಲ್ಲಿ ಮೂವರು ಹೆಂಗಸರು ಬೀಸುತ್ತಿದ್ದರು. ಊಟ ಹಾಕಬೇಕಾಗಿಲ್ಲ, ಬಟ್ಟೆ ಕೊಡಬೇಕಾಗಿಲ್ಲ, ಕಾಯಿಲೆಯಾದರೆ ಅವರ ಪಾಡು, ಓಡಿಹೋಗುವ ಚಿಂತೆ ಇಲ್ಲ. ನಕ್ಕವರು ನಗುವುದನ್ನು ಬಿಟ್ಟು ಮನೆಗೆ ಹೋಗಿ ತಮ್ಮ ಹೆಣ್ಣಾಳುಗಳ ಹಣೆ ತೊಳೆಸಿದರು. ಆ ತಿಂಗಳು ನಮ್ಮ ಊರಲ್ಲಿ ಬಿಡುಗಡೆಯಾದಷ್ಟು ಜನ ಹಿಂದೆಂದೂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಲಬಾಶಿ ಅಂಗಳಕ್ಕೆ ಬಂದು ನನ್ನ ಹಾಸನ್ನು ಕಾಲಿನಿಂದ ಅಳೆದ. "ಇಷ್ಟುದ್ದ ಬ್ಯಾಡ ರಿಮೂತ ಇನ್ಮ್ಯಾಲೆ. ಸಣ್ಣ ಕಾಲಿಗೆ ಆಗೂವಷ್ಟು ಮಾಡು. ಮಣ್ಣು ಉಳೀತದ."

"ಮಕ್ಕಳನ್ನ ಮಾರಾವ್ರೇನ್ರಿ?"

"ಮಕ್ಕಳನ್ನ ಯಾವಾಗ ಮಾರಿಲ್ಲ? ನಿಮ್ಮಪ್ಪ ಮಾರ್ಲಿಲ್ಲೇನು?"

"ಸಾವ್ಕಾರ್ರ, ನಮ್ಮಕ್ಕನ್ನ ಹಿಡಿದಿಟ್ಟು ಬಿಡುಗಡಿ ಅಂತ ಹೆಸರು ಇಟ್ಟೀರಿ ನೀವು."

ಅವನಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ತಡೆಯಲಾಗದ್ದು. "ನಾ ಯಾರನ್ನ ಹಿಡಿದೀನಿ? ಬಾಗಲಾ ತೆಗದೈತಿ. ಕರಕೊಂಡು ಹೋಗು ನಿಮ್ಮಕ್ಕನ್ನ. ಈಗ ಹೋಗು, ನಾ ತಡಿಯಂಗಿಲ್ಲ." ಎಂದು ಬಾಗಿಲ ಕಡೆ ಕೈ ತೋರಿಸಿದ. ಅಲ್ಲಿ ಅಕ್ಕನ ಬೀಸುವ ಕಲ್ಲಿನ ಸದ್ದು ಕೇಳುತ್ತಿತ್ತು.

ಹಿಪ್ತಾಳನ್ನು ಕೊಳ್ಳಲು ಬಂದವನು ಗುಡ್ಡಗಾಡಿನ ಕಡೆಯ ಒಂದು ದೊಡ್ಡ ಜಮೀನಿನ ಮೇಸ್ತ್ರಿ. ಗಡ್ಡಕ್ಕೆ ಕೆಂಪು ಬಣ್ಣ ಹಚ್ಚಿದ್ದ, ಹಲ್ಲು ನೋವಿಗೆ ದವಡೆಗೆ ಬಟ್ಟೆ ಕಟ್ಟಿಕೊಂಡಿದ್ದ. ಮಗುವಿನ ಬಾಯಿ ತೆರೆಸಿ ನೋಡಿದ, ಕಿವಿ ಹಿಂದೆ ನೋಡಿದ.

"ತಾಯಿ ಯಾರು?" ಎಂದ.

"ಹಿತ್ತಲದಾಗ ಬೀಸಾಕತ್ಯಾಳಲ್ಲ, ಅಕಿ. ಗಟ್ಟಿ ಹೆಂಗಸು. ನೇಯಾಕೂ ಬರ್ತದ," ಎಂದ ಲಬಾಶಿ. "ಅಕೀನ್ನ ಮಾರಾಕ ನಂಗ ಹಕ್ಕಿಲ್ಲ, ಅಕಿ ಸ್ವತಂತ್ರ. ಆದರ ಇದನ್ನ ನೀವು ಗಾಡಿಗೆ ಹಾಕ್ರಿ, ಅಕಿ ಹಿಂದ ಬರ್ತಾಳ."

"ಅವಳ ಊಟ?"

"ಅಕಿ ಹೊಟ್ಟಿ ಅಕಿ ನೋಡ್ಕೋತಾಳ. ಅದಕ್ಕ ನಾ ಸ್ವಲ್ಪ ಜಾಸ್ತಿ ಹೇಳಾಕತ್ತಿದ್ದು."

ನಾನು ಹಾಸಿನ ಮೇಲೆ ಹತ್ತಿ ಕುಣಿದೆ. ಸಮ ಮಾಡಿದ್ದನ್ನೆಲ್ಲ ಎರಡೂ ಕಾಲಿನಿಂದ ತುಳಿದು, ಬಾಚಿ, ಗೋಡೆಗೆ ಎಸೆದೆ. ಲಬಾಶಿಯ ಜನ ಬಂದು ಹೊಡೆದರು. ಒಂದು ಪಕ್ಕೆಲುಬು ಮುರಿಯಿತು. ನನ್ನನ್ನು ಕೆಲಸದಿಂದ ತೆಗೆದು ಹೊರಗೆ ಎಳೆದು ಹಾಕಿದರು. ಅಷ್ಟೇ ಆದದ್ದು. ಅಹತಿ ಆಯಿಗೆ ಹೊಸ ಮಣ್ಣು ತುಳಿಯಲು ಹೇಳಿದರು. ಅವಳು ತುಳಿದಳು. ಮರುದಿನ ಚಾಪೆಯಷ್ಟು ಸಣ್ಣ ಹಾಸಿನ ಮೇಲೆ ಹಿಪ್ತಾಳನ್ನು ನಡೆಸಿದರು. ಹಸಿಮಣ್ಣು ತಣ್ಣಗಿತ್ತೆಂದು ಮಗು ನಕ್ಕಿತಂತೆ.

ಆ ಮಧ್ಯಾಹ್ನ ಅಕ್ಕ ಗುಡಿಸಲಿಗೆ ಬಂದು ತನ್ನ ಬಟ್ಟೆ ಗಂಟು ಕಟ್ಟಿದಳು. ನಾನು ಪಕ್ಕೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದೆ. ಊರ ಬಾಗಿಲವರೆಗೆ ಬರುತ್ತೇನೆ ಎಂದೆ, ಬೇಡ ಎಂದರೂ ಕೇಳದೆ ಗೋಡೆ ಹಿಡಿದುಕೊಂಡು ಎದ್ದೆ.

ಹೊರಡುವ ಗಾಡಿಗೆ ಎರಡು ಕತ್ತೆ. ಮೇಲೆ ಉಣ್ಣೆಯ ಮೂಟೆಗಳ ನಡುವೆ ಒಂದು ದೊಡ್ಡ ಬುಟ್ಟಿ, ಅದರಲ್ಲಿ ಹಿಪ್ತಾಳೂ ಇನ್ನೆರಡು ಮಕ್ಕಳೂ. ಹಿಂದೆ ಮೂವರು ಹೆಂಗಸರು. ಯಾರ ಕೈಗೂ ಹಗ್ಗವಿಲ್ಲ, ಕಾವಲಿನವರಿಲ್ಲ. ಮೇಸ್ತ್ರಿ ಮುಂದೆ ಕೂತು ಹಿಂದೆ ತಿರುಗಿಯೂ ನೋಡದೆ ಕತ್ತೆಗಳನ್ನು ಬೈಯುತ್ತಿದ್ದ. ಅಹತಿ ಆಯಿ ಅಂಗಳದ ಬಾಗಿಲವರೆಗೆ ಬಂದು ಅಕ್ಕನ ಕೈಗೆ ಎರಡು ರೊಟ್ಟಿ ತುರುಕಿ, ಮಣ್ಣಿನ ಕಡೆ ಹೋದಳು.

"ಮಗ್ಗದ ಮ್ಯಾಲಿಂದು ಕತ್ತರಿಸಿ ಇಳಿಸ್ಕೋ," ಎಂದಳು ಅಕ್ಕ ದಾರಿಯಲ್ಲಿ. "ಪಕ್ಕಿಗೆ ಸುತ್ಕೊಂಡ್ರ ಬೆಚ್ಚಗಿರ್ತದ. ದಿನಾ ಉಣ್ಣು. ಯಾರ ಜೋಡೀನೂ ಬಡದಾಡಬ್ಯಾಡ."

"ಅಕ್ಕಾ, ಅವನ್ನ ಕೊಂದು ಬರ್ತೀನಿ."

"ಕೊಂದ್ರ ಹಿಪ್ತಾ ಮನೀಗೆ ಬರ್ತಾಳೇನು?" ಬುಟ್ಟಿಯಿಂದ ಮಗು ಕೈ ಚಾಚಿತು. ಅಕ್ಕ ಬೇಗ ಬೇಗ ನಡೆದು ಆ ಕೈಯನ್ನು ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಲಿಲ್ಲ.

ಊರ ಬಾಗಿಲಲ್ಲಿ ಸುಂಕದವನಿದ್ದ. ಊರಿನಿಂದ ಹೊರಗೆ ಹೋಗುವ ಆಳುಗಳಿಗೆ ತಲೆಗಿಷ್ಟು ಸುಂಕ. ಅದಕ್ಕಾಗಿ ಅಲ್ಲಿ ದಾರಿಗೆ ಅಡ್ಡಲಾಗಿ ಸಣ್ಣ ಧೂಳು ಹರಡಿರುತ್ತಾರೆ. ಅವನು ಬುಟ್ಟಿಯಲ್ಲಿದ್ದ ಮಕ್ಕಳನ್ನು ಎಣಿಸಿ ಮೇಸ್ತ್ರಿಯಿಂದ ಬೆಳ್ಳಿಯ ಚೂರು ತೆಗೆದುಕೊಂಡ. ಆಮೇಲೆ ಹೆಂಗಸರ ಕಡೆ ನೋಡಿದ.

"ಇವ್ರು ಯಾರ ಆಳು?"

"ಯಾರ ಆಳೂ ಅಲ್ಲ," ಎಂದ ಮೇಸ್ತ್ರಿ ದವಡೆ ಹಿಡಿದುಕೊಂಡು. "ಹೆಜ್ಜೆ ನೋಡಿಕೋ."

ಅಕ್ಕ ಗಾಡಿಯ ಹಿಂದೆ, ಮಗುವಿನ ಕೈ ಹಿಡಿದುಕೊಂಡೇ ಧೂಳು ದಾಟಿದಳು. ಸುಂಕದವನು ಬಗ್ಗಿ ನೋಡಿದ. ನಾನೂ ನೋಡಿದೆ. ಅಷ್ಟೂ ಹೆಜ್ಜೆಗಳು ಬಾಣ ಬಿಟ್ಟಂತೆ ನೆಟ್ಟಗೆ ಗಾಡಿಯ ಹಿಂದೆ ಹೋಗಿದ್ದವು, ಒಂದೂ ಹಿಂದೆ ತಿರುಗಿರಲಿಲ್ಲ. ಅವನು ಎದ್ದು ನಿಂತು, ಮರ್ಯಾದೆಯಿಂದ ದಾರಿ ಬಿಟ್ಟು, ತಲೆಯ ಬಟ್ಟೆ ಸರಿಮಾಡಿಕೊಂಡ.

"ಹೋಗಿ ಬರ್ರಿ ತಾಯಿ," ಎಂದ.